ಎರಡು ಹಿಡಿ ಮರಳು

ಬಕೆಟ್ಟಿನ ತಳವನ್ನು ತೋರುಬೆರಳಲ್ಲಿ ಬಳಿದು ಸೊಸೆ ನಾಲಿಗೆಯ ಮೇಲಿಟ್ಟುಕೊಂಡಳು. ಉಪ್ಪುಪ್ಪಾಗಿ ಕರಗಬೇಕಿತ್ತು. ಕರಗಲಿಲ್ಲ. ಹಲ್ಲಿನ ನಡುವೆ ಕರಕರ ಎಂದಿತು. ಉಗುಳಿ, ಇನ್ನೊಂದು ಚಿಟಿಕೆ ಇಟ್ಟುಕೊಂಡು ನೋಡಿದಳು. ಅದೂ ಹಾಗೇ.

ಅವಳು ಶೆಡ್ಡಿಗೆ ಬಂದದ್ದು ಬಕೆಟ್ಟಿಗಾಗಿ. ಅಂಗಳದಲ್ಲಿ ಬಾಡಿಗೆ ಕುರ್ಚಿಗಳು ಧೂಳು ಮೆತ್ತಿಕೊಂಡು ಬಂದು ಬಿದ್ದಿದ್ದವು. ಹತ್ತು ಗಂಟೆಗೆ ಜನ ಸೇರುವ ಮೊದಲು ಅವನ್ನು ಒರೆಸಬೇಕಿತ್ತು. ಮುಂದಿನ ಕೋಣೆಯಲ್ಲಿ ಅತ್ತೆ ಮರದ ಪೆಟ್ಟಿಗೆಯಲ್ಲಿ ಮಲಗಿದ್ದರು. ಈ ಬಕೆಟ್ಟು ಸೋಮವಾರದಿಂದ ಶೆಡ್ಡಿನ ಮೂಲೆಯಲ್ಲೇ ಇತ್ತು. ಅವತ್ತು ನೀರು ಚೆಲ್ಲಿ ಹಾಗೇ ತಳ್ಳಿದ್ದಳು. ಈಗ ಒಣಗಿದ ತಳದಲ್ಲಿ ಸೋಡಾದ ಬಿಳಿ ಪೊರೆ, ಅದರೊಳಗೆ ಕಂದು ಬಣ್ಣದ್ದೊಂದು ತೆಳು ಗೆರೆ. ಆ ಗೆರೆ ಕಂಡದ್ದೇ ಅವಳು ಬೆರಳು ಹಾಕಿದ್ದಳು.

"ಕರಗಿದ್ರೆ ನಮ್ಮದು, ಕರಗದಿದ್ರೆ ಶತ್ರು," ಅನ್ನುವುದು ಅತ್ತೆಯ ಮಾತು. ಅವರ ಕಸುಬು ಹಳೆಯ ಮೋಟಾರ್ ಸೈಕಲ್ಲುಗಳ ಭಾಗಗಳನ್ನು ಅಡುಗೆ ಸೋಡಾದಿಂದ ಸ್ವಚ್ಛ ಮಾಡುವುದು. ಕಂಪ್ರೆಸರಿನ ಗಾಳಿಗೆ ಸೋಡಾಪುಡಿ ಸೇರಿಸಿ ಗನ್ನಿನ ಮೂತಿಯಿಂದ ರಭಸವಾಗಿ ಹೊಡೆದರೆ ನಲವತ್ತು ವರ್ಷದ ಜಿಡ್ಡು, ಮಸಿ, ಹಳೇ ಬಣ್ಣ ಎಲ್ಲವೂ ಹಾರಿಹೋಗುತ್ತದೆ, ಮೆತ್ತನೆಯ ಅಲ್ಯೂಮಿನಿಯಮ್ಮಿಗೆ ಒಂದು ಗೀರೂ ಬೀಳುವುದಿಲ್ಲ. ಒಳಗೆ ಹೊಕ್ಕ ಪುಡಿ ಬಿಸಿನೀರು ಬಿದ್ದರೆ ಕರಗಿ ಹರಿದುಹೋಗುತ್ತದೆ. ಮರಳು ಹಾಗಲ್ಲ. ಇಂಜಿನ್ನಿನೊಳಗೆ ಎಣ್ಣೆ ಹರಿಯುವ ಸಣ್ಣ ತೂತುಗಳಲ್ಲಿ ಹೋಗಿ ಕೂರುತ್ತದೆ. ಇಂಜಿನ್ ಓಡಲು ಶುರುವಾದ ಗಳಿಗೆಯಿಂದ ಅದನ್ನು ಒಳಗಿನಿಂದ ಅರೆಯುತ್ತದೆ.

ಹೊರಗೆ ಗೂಡ್ಸ್ ಗಾಡಿಯೊಂದು ಹಿಂದಕ್ಕೆ ಬಂದು ನಿಂತ ಸದ್ದಾಯಿತು. ಸೊಸೆ ಬಕೆಟ್ಟು ಬಿಟ್ಟು ಆಚೆ ಬಂದಳು. ಮೀಸೆ ಮಾವ ಹಲಗೆ ಇಟ್ಟು ತಮ್ಮ ಮೋಟಾರ್ ಸೈಕಲ್ಲನ್ನು ಇಳಿಸಿಕೊಳ್ಳುತ್ತಿದ್ದರು. ನಿವೃತ್ತ ಲಾರಿ ಡ್ರೈವರು, ಅತ್ತೆಯನ್ನು ಅಕ್ಕ ಎನ್ನುವವರು. ಪ್ರಾಯದಲ್ಲಿ ಮೀಸೆಯ ಒಂದು ತುದಿ ಇಂಜಿನ್ನಿನ ಬೆಲ್ಟಿಗೆ ಸಿಕ್ಕಿ ಹೋದಮೇಲೆ ಇನ್ನೊಂದು ತುದಿಯನ್ನೂ ಬೋಳಿಸಿದ್ದರು. ಮೀಸೆ ಹೋಗಿ ಹೆಸರು ಉಳಿದಿತ್ತು. ಮೋಟಾರ್ ಸೈಕಲ್ಲಿನ ಸೈಡ್ ಕಾರಿನಿಂದ ಕೂರುವ ತೊಟ್ಟಿಯನ್ನು ಕಳಚಿ, ಆ ಜಾಗದಲ್ಲಿ ಉದ್ದನೆಯ ಹಲಗೆ ಬಿಗಿದಿದ್ದರು, ಪೆಟ್ಟಿಗೆ ಇಡಲು.

"ನೋಡು ತಾಯಿ ನಿನ್ನ ಕೈಕೆಲಸ," ಎಂದು ಇಂಜಿನ್ನಿನ ಕಡೆ ಗದ್ದ ಎತ್ತಿದರು. "ಕನ್ನಡಿ ಬೇಡ, ಇದರಲ್ಲೇ ತಲೆ ಬಾಚ್ಕೋಬಹುದು. ಎರಡು ದಿನ ಕೂತು ಜೋಡಿಸ್ದೆ. ಸೊಂಟ ಬಿದ್ದುಹೋಗಿದೆ."

"ಸ್ಟಾರ್ಟ್ ಮಾಡಿ ನೋಡಿದ್ರಾ, ಮಾವ?"

"ಇಲ್ಲ. ಅದಕ್ಕೇ ಗಾಡೀಲಿ ಹಾಕ್ಕೊಂಡು ಬಂದಿದ್ದು. ಮೊದಲನೇ ಕಿಕ್ಕು ಅಕ್ಕನಿಗೆ. ಹತ್ತು ಗಂಟೆಗೆ ಅವಳನ್ನ ಇಲ್ಲಿ ಮಲಗಿಸಿ, ಆಮೇಲೆ ಒದೀತೀನಿ."

"ಹೂಂ," ಎಂದಳು ಸೊಸೆ. ಅಂದ ಮೇಲೆ ತನ್ನ ಹೂಂ ತನಗೇ ಕೇಳಿಸಿತು. ಈ ವಾರದಲ್ಲಿ ಇಂಥ ಹೂಂ ಇದು ಎರಡನೆಯದು.

*

ಸೋಮವಾರ. ಅತ್ತೆ ಆಸ್ಪತ್ರೆ ಸೇರಿ ಹನ್ನೆರಡು ದಿನವಾಗಿತ್ತು. ಉಸಿರಾಟ ಸುಧಾರಿಸಿದೆ, ಗುರುವಾರ ಮನೆಗೆ ಕಳಿಸಬಹುದು ಎಂದು ಡಾಕ್ಟರು ಹೇಳಿದ್ದರು. ಮನೆಗೆ ಹೋಗುವುದಾದರೆ ಮೀಸೆಯ ಸೈಡ್ ಕಾರಿನಲ್ಲೇ ಹೋಗುವುದು, ಆಂಬುಲೆನ್ಸಿನಲ್ಲಿ ಮಲಗಿ ಹೋಗಲು ನಾನೇನು ರೋಗಿಯೇ ಎಂದು ಅತ್ತೆ ಹಟ ಹಿಡಿದಿದ್ದರು. ಮೀಸೆ ಮಾವ ಅದೇ ಹುರುಪಿನಲ್ಲಿ ಇಂಜಿನ್ ಬಿಚ್ಚಿ, ಹೊರಕವಚದ, ಅಂದರೆ ಕೇಸಿನ, ಎರಡು ಹೋಳುಗಳನ್ನು ಶೆಡ್ಡಿಗೆ ತಂದಿಟ್ಟು, "ನಾಳೆ ಬೆಳಿಗ್ಗೆ ಸಿಕ್ಕಿದ್ರೆ ಗುರುವಾರಕ್ಕೆ ಗಾಡಿ ರೆಡಿ," ಎಂದು ಹೋಗಿದ್ದರು.

ಸೊಸೆ ಒಬ್ಬಳೇ ಮಾಡಿದ ಮೊದಲ ಕೆಲಸ ಅದು. ಒಂಬತ್ತು ವರ್ಷದಿಂದ ಅತ್ತೆ ಪಕ್ಕದಲ್ಲಿ ನಿಂತಿರುತ್ತಿದ್ದರು. ಕೆಲಸ ಅವಳದೇ ಆದರೂ ಕಣ್ಣು ಅವರದು. ಅವತ್ತು ಕಣ್ಣೂ ಅವಳದೇ.

ಮೂರು ದಿನದಿಂದ ಮೋಡ ಮುಚ್ಚಿ ಗಾಳಿಗೆಲ್ಲ ಪಸೆ ಹತ್ತಿತ್ತು. ಪಸೆ ಹತ್ತಿದರೆ ಸೋಡಾ ಗಂಟು ಕಟ್ಟುತ್ತದೆ. ಗನ್ನಿನ ಕುದುರೆ ಒತ್ತಿದರೆ ಫುಸ್ ಎಂದು ಒಂದು ಉಸಿರು, ಅಷ್ಟೇ. ಮೂತಿ ಬಿಚ್ಚಿ ತಂತಿ ಹಾಕಿ ತೆಗೆದರೆ ಮತ್ತೊಂದು ಫುಸ್. ಇಂಥ ದಿನಕ್ಕೆ ಅತ್ತೆಯ ನಿಯಮ ಸರಳವಾಗಿತ್ತು: ಗಂಟು ಕಟ್ಟಿದರೆ ರಜೆ. ಪುಡಿಯನ್ನು ಬಟ್ಟೆಯ ಮೇಲೆ ಹರವಿ, ಫ್ಯಾನ್ ಹಾಕಿ, ಬಾಗಿಲು ಮುಚ್ಚಿ ರೇಡಿಯೋ ಕೇಳುತ್ತ ಕೂರುವುದು. ಯಾರು ಎಷ್ಟೇ ಬೊಬ್ಬೆ ಹೊಡೆದರೂ ಅವತ್ತು ಕೆಲಸವಿಲ್ಲ.

ಆತುರಗಾರರಿಗೆ ಬುದ್ಧಿ ಮಟ್ಟ. ಅತ್ತೆ ಮನೆಗೆ ಬರುವ ದಿನ ತಾನು ತೊಳೆದ ಇಂಜಿನ್ನೇ ಅವರನ್ನು ಹೊತ್ತು ತರಬೇಕು, ಅವರದನ್ನು ನೋಡಬೇಕು, ಇದೊಂದೇ ಸೊಸೆಯ ತಲೆಯಲ್ಲಿತ್ತು. ಮೂಲೆಯಲ್ಲಿ ಚಕ್ರದ ರಿಮ್ಮು, ಸ್ಟ್ಯಾಂಡು ಮುಂತಾದ ಕಬ್ಬಿಣದ ಸಾಮಾನಿಗೆಂದು ಇಟ್ಟ ಸಣ್ಣ ಮರಳಿನ ಚೀಲವಿತ್ತು. ಒಣ ಮರಳು ಗಂಟನ್ನು ಬಿಡಿಸುತ್ತದೆ ಎನ್ನುವುದು ಅವಳಿಗೆ ಗೊತ್ತಿತ್ತು. ಅದು ಗೊತ್ತಿದ್ದದ್ದೇ ತಪ್ಪಾಯಿತು. ಎರಡೇ ಹಿಡಿ ತೆಗೆದು ಸೋಡಾಕ್ಕೆ ಕಲಸಿದಳು. ಗನ್ನು ಮಾತು ಕೇಳಿತು. ಇಡೀ ದಿನದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ಎರಡು ಸಲ ಬಿಸಿನೀರು ಹುಯ್ದು, ಗಾಳಿ ಊದಿ, ಒರೆಸಿ, ಫೋನಿನಲ್ಲಿ ಚಿತ್ರ ತೆಗೆದಳು. ಮರುದಿನ ಬೆಳಿಗ್ಗೆಯೇ ಮೀಸೆ ಮಾವ ಒಯ್ದರು.

ಮಧ್ಯಾಹ್ನ ಆಸ್ಪತ್ರೆಯಲ್ಲಿ ಅತ್ತೆ ಕನ್ನಡಕ ಏರಿಸಿಕೊಂಡು ಆ ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಚೆನ್ನಾಗಿದೆ. ಎಷ್ಟು ಹೊತ್ತು ಹಿಡೀತು?"

"ಅರ್ಧ ಗಂಟೆ."

ಅತ್ತೆ ಕನ್ನಡಕದ ಮೇಲಿಂದ ಅವಳ ಮುಖ ನೋಡಿದರು. ಆಮೇಲೆ ಕಿಟಕಿಯಾಚೆಯ ಮೋಡ ನೋಡಿದರು. "ಇನ್ನೊಂದ್ಸಲ ಬಿಸಿನೀರು ಹಾಕು," ಎಂದರು.

"ಹೂಂ," ಎಂದಳು. ಹೋಳುಗಳು ಆಗಲೇ ಶೆಡ್ಡು ಬಿಟ್ಟಿವೆ ಎಂದು ಹೇಳಬಹುದಿತ್ತು. ಎರಡು ಹಿಡಿಯ ಮಾತನ್ನೂ ಹೇಳಬಹುದಿತ್ತು. ಸುಸ್ತಾದ ಮನುಷ್ಯರಿಗೆ ಯಾಕೆ ಹೇಳುವುದು, ಮನೆಗೆ ಬಂದ ಮೇಲೆ ಹೇಳಿದರಾಯಿತು ಎಂದುಕೊಂಡಳು. ಬುಧವಾರ ಬೆಳಗಾಗುವಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು. ಆಮೇಲಿನ ಎರಡು ದಿನದ ಗಡಿಬಿಡಿಯಲ್ಲಿ ಆ ಎರಡು ಹಿಡಿ ಅವಳ ಮನಸ್ಸಿನಿಂದಲೇ ಜಾರಿಹೋಗಿತ್ತು, ಇವತ್ತು ಬಕೆಟ್ಟು ಎತ್ತುವವರೆಗೆ.

*

ಅಡುಗೆಮನೆಯಲ್ಲಿ ನಾದಿನಿ ಫ್ರಿಜ್ಜಿನ ಎದುರು ನಿಂತು ಭಾಷಣ ಅಭ್ಯಾಸ ಮಾಡುತ್ತಿದ್ದಳು. ದೊಡ್ಡ ಕಚೇರಿಯ ಸ್ವಾಗತದ ಮೇಜಿನಲ್ಲಿ ಕೂರುವವಳು, ಮಾತಿಗೆ ಹೆದರುವವಳಲ್ಲ. ಆದರೂ ಮೊದಲ ಸಾಲನ್ನೇ ಮತ್ತೆ ಮತ್ತೆ ಓದುತ್ತಿದ್ದಳು.

"ಅತ್ತಿಗೆ, ಇದು ಕೇಳಿ, ಸರಿ ಇದೆಯಾ? 'ಮೂವತ್ತು ವರ್ಷ. ನೂರಾರು ಇಂಜಿನ್. ನಮ್ಮಮ್ಮನ ಕೈಯಿಂದ ಹೋದ ಒಂದೇ ಒಂದು ಇಂಜಿನ್ನಿನಲ್ಲೂ ಒಂದು ಕಣ ಮರಳು ಯಾರಿಗೂ ಸಿಗಲಿಲ್ಲ.' ಎಲ್ಲರೂ ಇದೇ ಹೇಳ್ತಾರಲ್ವಾ? ಇದರಿಂದಲೇ ಶುರು ಮಾಡ್ತೀನಿ."

"ಚೆನ್ನಾಗಿದೆ," ಎಂದಳು ಸೊಸೆ. ಗಂಡನ ತೋಳು ಹಿಡಿದು ಹಿಂದಿನ ಬಾಗಿಲಿಗೆ ಕರೆದೊಯ್ದು ಎಲ್ಲವನ್ನೂ ಹೇಳಿದಳು. ಗಂಡನದು ಕ್ಷೌರದ ಅಂಗಡಿ. ಕತ್ತರಿ ಹಿಡಿದು ಹಿಡಿದು ಬಂದ ತಾಳ್ಮೆ. ಮಾತು ಮುಗಿಯುವವರೆಗೂ ಅಲುಗಾಡದೆ ಕೇಳಿದ.

"ಮರಳು ಇದೆ ಅಂತ ಖಾತ್ರೀನಾ?"

"ಬಕೆಟ್ಟಿನಲ್ಲಿದೆ. ಇಂಜಿನ್ನಲ್ಲಿ ಉಳಿದಿರಬಹುದು, ಉಳಿಯದೇನೂ ಇರಬಹುದು. ಬಿಚ್ಚದೆ ಗೊತ್ತಾಗಲ್ಲ."

"ಇವತ್ತೊಂದಿನ ಸುಮ್ನಿರು," ಎಂದ ಅವನು ಮೆಲ್ಲಗೆ. "ಸ್ಮಶಾನ ಏನು ಮಹಾ ದೂರ, ಒಂದೂವರೆ ಕಿಲೋಮೀಟರ್. ನಾಳೆ ನಾನೇ ಹೋಗಿ ಹೇಳ್ತೀನಿ. ಅಷ್ಟೂ ಮೆಕ್ಯಾನಿಕ್‌ಗಳ ಎದುರಿಗೆ, ಅಮ್ಮನ್ನ ಮಲಗಿಸ್ಕೊಂಡು, ಇದನ್ನ ಹೇಳಬೇಕಾ? ಅಮ್ಮನ ಹೆಸರು, ಕಣೆ."

"ಒಂದೂವರೆ ಕಿಲೋಮೀಟರ್ ಸಾಕು ರೀ. ಅಷ್ಟರಲ್ಲಿ ಬೇರಿಂಗು ಹೋಗತ್ತೆ, ಸಿಲಿಂಡರು ಗೀಚ್ಕೊಳ್ಳತ್ತೆ. ಅದಕ್ಕೆ ಈಗ ಸಾಮಾನೇ ಸಿಗಲ್ಲ."

ಗಂಡ ಮುಖ ಉಜ್ಜಿಕೊಂಡ. "ನಂಗೇನೂ ತೋಚ್ತಿಲ್ಲ," ಎಂದ. ಅವನ ತಾಯಿ ಹೋಗಿ ಎರಡೇ ದಿನ. ತೋಚಬೇಕು ಎಂದು ಕೇಳುವುದೂ ಅನ್ಯಾಯವೇ ಎನಿಸಿತು ಅವಳಿಗೆ. ಬಿಸಿತುಪ್ಪದ ಗತಿ, ನುಂಗುವಂತಿಲ್ಲ, ಉಗುಳುವಂತಿಲ್ಲ. ಗಡಿಯಾರ ಒಂಬತ್ತೂ ಇಪ್ಪತ್ತು ತೋರಿಸುತ್ತಿತ್ತು. ಅವಳು ಹೋಗಿ ಕುರ್ಚಿ ಒರೆಸಿದಳು.

*

ಒಂಬತ್ತು ವರ್ಷದ ಹಿಂದೆ ಅವಳು ಕೆಲಸ ಮಾಡುತ್ತಿದ್ದ ಜೆರಾಕ್ಸ್ ಅಂಗಡಿ ಮುಚ್ಚಿತ್ತು. ಮೂರು ವಾರ ಮನೆಯಲ್ಲಿ ಮುಖ ಊದಿಸಿಕೊಂಡು ಓಡಾಡಿದ್ದಳು. ನಾಲ್ಕನೇ ವಾರ ಅತ್ತೆ ಒಂದು ಮಾಸ್ಕು, ಒಂದು ಕನ್ನಡಕ ತಂದು ಮುಂದಿಟ್ಟು, "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನಿನ್ನ ಕಾಲ ಬರೋವರೆಗೆ ಸುಮ್ನೆ ಯಾಕೆ ಕೂರ್ತೀಯ, ಬಾ," ಎಂದಿದ್ದರು.

ಅಲ್ಲಿಯವರೆಗೆ ಅವಳಿಗೆ ಅತ್ತೆಯೆಂದರೆ ಅಂಜಿಕೆ. ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಇನ್ನೂರು ಜನಕ್ಕೆ ಬೇಯಿಸಿ ನಿವೃತ್ತಿಯಾದ ಹೆಂಗಸು, ದನಿಯೂ ಆ ಪಾತ್ರೆಗಳಷ್ಟೇ ದೊಡ್ಡದು. ಮೊದಲ ದಿನ ಗನ್ನು ಕೈತಪ್ಪಿ ಅರ್ಧ ಡಬ್ಬಿ ಸೋಡಾ ಅತ್ತೆಯ ತಲೆಯ ಮೇಲೆ ಸುರಿಯಿತು. ಇಬ್ಬರೂ ಹಿಟ್ಟಿನ ಗಿರಣಿಯಿಂದ ಎದ್ದು ಬಂದವರಂತೆ ಹೊರಗೆ ಬಂದಾಗ ಪಕ್ಕದ ಮನೆಯಾಕೆ, "ಇಷ್ಟೊಂದು ಸೋಡಾದಲ್ಲಿ ಯಾವ ಊರಿಗೆ ಬ್ರೆಡ್ ಮಾಡ್ತಿದ್ದೀರಿ?" ಎಂದು ಕೇಳಿದಳು. ಆಕೆಯ ಟೊಮ್ಯಾಟೊ ಗಿಡಗಳನ್ನು ಇದೇ ಸೋಡಾದ ನೀರು ಸುಟ್ಟುಹಾಕಿತ್ತು. ಹಾಗಾಗಿ ಮಾತಿನಲ್ಲಿ ಸ್ವಲ್ಪ ಖಾರವಿತ್ತು. ಅತ್ತೆ ರೆಪ್ಪೆಯ ಪುಡಿ ಒರೆಸಿಕೊಂಡು, "ನಿಮಗೂ ಒಂದು ಕಳಿಸ್ತೀನಿ, ಕಬ್ಬಿಣದ್ದು," ಎಂದರು. ಸೊಸೆ ಅವತ್ತು ಮೊದಲ ಸಲ ಆ ಮನೆಯಲ್ಲಿ ಬಾಯ್ತುಂಬ ನಕ್ಕಳು.

ಕಲಿಯುವಾಗ ತಪ್ಪುಗಳಿಗೇನೂ ಬರವಿರಲಿಲ್ಲ. ಒಮ್ಮೆ ಕಾರ್ಬುರೇಟರನ್ನು ಒದ್ದೆಯಾಗಿಯೇ ಬಿಟ್ಟು ಕಪ್ಪು ಹಿಡಿಸಿದಳು. ಇನ್ನೊಮ್ಮೆ ಸೋಡಾದ ಅಂಶ ಹೋಗುವಂತೆ ವಿನೆಗರ್ ನೀರಿನಲ್ಲಿ ತೊಳೆಯದೆ ಕೊಟ್ಟ ಟ್ಯಾಂಕಿನ ಬಣ್ಣ ಹಾಳೆ ಹಾಳೆಯಾಗಿ ಎದ್ದು ಬಂತು. ಅಳು ಬಂದಾಗಲೆಲ್ಲ ಅತ್ತೆ ಹೇಳುತ್ತಿದ್ದದ್ದು ಒಂದೇ: "ನಾನು ತಿಂದಷ್ಟು ನೀನಿನ್ನೂ ತಿಂದಿಲ್ಲ. ಒಂದು ಇಡೀ ಇಂಜಿನ್ ತಿಂದೋಳು ನಾನು." ಇದು ಸಮಾಧಾನಕ್ಕೆ ಆಡುವ ಮಾತು ಎಂದು ಸೊಸೆ ಕೇಳಿ ಬಿಡುತ್ತಿದ್ದಳು.

*

ಹತ್ತಕ್ಕೆ ಐದು ನಿಮಿಷ ಇರುವಾಗ ಬೀದಿ ತುಂಬಿತ್ತು. ಇಪ್ಪತ್ತಕ್ಕೂ ಹೆಚ್ಚು ಮೋಟಾರ್ ಸೈಕಲ್ಲುಗಳು ಎರಡು ಸಾಲಿನಲ್ಲಿ ನಿಂತಿದ್ದವು, ಎಲ್ಲವೂ ಒಂದಲ್ಲ ಒಂದು ದಿನ ಆ ಶೆಡ್ಡಿಗೆ ಬಂದು ಹೋದವೇ. ಮೆಕ್ಯಾನಿಕ್ಕುಗಳು ತೊಳೆದರೂ ಹೋಗದ ಕಪ್ಪು ಉಗುರುಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಗಂಡ ಮತ್ತು ಮೂವರು ಪೆಟ್ಟಿಗೆಯನ್ನು ತಂದು ಸೈಡ್ ಕಾರಿನ ಹಲಗೆಯ ಮೇಲಿಟ್ಟು ಪಟ್ಟಿ ಬಿಗಿದರು. ನಾದಿನಿ ಕಾಗದ ಬಿಚ್ಚಿದಳು.

"ಸ್ಮಶಾನದಲ್ಲಿ ಓದಮ್ಮ, ಅಲ್ಲಿ ನೆರಳಿದೆ," ಎಂದು ಮೀಸೆ ಮಾವ ಸೀಟಿನ ಮೇಲೆ ಹತ್ತಿ ಕೂತರು. ಪೆಟ್ಟಿಗೆಯ ಮೇಲೊಮ್ಮೆ ಕೈ ಇಟ್ಟರು. "ಹೊರಡೋಣ ಅಕ್ಕ," ಎಂದು ಕಿಕ್ಕರಿನ ಮೇಲೆ ಕಾಲಿಟ್ಟು ದೇಹದ ಭಾರ ಎತ್ತಿದರು.

"ಮಾವ, ಒದೀಬೇಡಿ."

ದನಿ ತನ್ನದೇ ಎಂದು ಅವಳಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ಮಾವ ಎತ್ತಿದ ಭಾರವನ್ನು ಹಾಗೇ ಹಿಡಿದು ತಿರುಗಿದರು. ಪಟ್ಟಿ ಸಡಿಲವಾಯಿತೇನೋ ಎಂದು ಪೆಟ್ಟಿಗೆಯ ಕಡೆ ನೋಡಿದರು.

"ಅದಲ್ಲ ಮಾವ. ಇಂಜಿನ್ನೊಳಗೆ ಮರಳಿರಬಹುದು. ಸೋಡಾ ಗಂಟು ಕಟ್ಟಿತ್ತು. ನಾನೇ ಎರಡು ಹಿಡಿ ಮರಳು ಕಲಸಿದೆ. ಅತ್ತೆಗೆ ಗೊತ್ತಿಲ್ಲ. ಇನ್ನೊಂದ್ಸಲ ತೊಳಿ ಅಂದ್ರು, ಹೂಂ ಅಂತ ಸುಳ್ಳು ಹೇಳ್ದೆ. ಇದು ಅವರ ಕೈ ತಪ್ಪಲ್ಲ, ನನ್ನದು."

ಗುಂಪಿನ ಹಿಂದೆ ಯಾರೋ ಅತ್ತೆಯ ಅಡ್ಡಹೆಸರು ಹಿಡಿದು "ಸೋಡಕ್ಕನ ಶೆಡ್ಡಿನಲ್ಲಿ ಮರಳಾ?" ಎಂದದ್ದು ಎಲ್ಲರಿಗೂ ಕೇಳಿಸಿತು. ನಾದಿನಿ, "ಇವತ್ತೇ ಬೇಕಿತ್ತಾ ಅತ್ತಿಗೆ?" ಎಂದಳು, ಕಣ್ಣು ತುಂಬಿಕೊಂಡು. ಆಗ ಗಂಡ ಪೆಟ್ಟಿಗೆಯ ಬದಿ ಬಿಟ್ಟು ಬಂದು ಹೆಂಡತಿಯ ಪಕ್ಕದಲ್ಲಿ ನಿಂತ.

ಮಾವ ಕಾಲು ಇಳಿಸಿದರು. ಸೀಟಿನಿಂದಿಳಿದು, ಹೊಳೆಯುವ ಇಂಜಿನ್ನಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಅದರ ಮೇಲೆ ಕೈಯಾಡಿಸಿದರು.

"ಪಾಪದ್ದು," ಎಂದರು. "ಇದಕ್ಕಿದು ಎರಡನೇ ಸಲ."

ತಮಾಷೆಯೋ ಸಿಟ್ಟೋ ಎಂದು ಯಾರಿಗೂ ತಿಳಿಯಲಿಲ್ಲ.

"ಮೊದಲನೇ ಸಲ ಅಕ್ಕನದೇ. ಮೂವತ್ತೊಂದು ವರ್ಷ ಆಯ್ತು. ಆಗ ಅವಳ ಹತ್ರ ಸೋಡಾ ಎಲ್ಲಿತ್ತು? ಗಾಜಿನ ಮೇಲೆ ಹೂವು ಕೆತ್ತೋನ ಮರಳಿನ ಗನ್ನು ತಂದು, ಇದೇ ಕೇಸನ್ನ ಥಳಥಳ ಮಾಡಿ ಕೊಟ್ಲು. ನಾನು ಜಂಬದಲ್ಲಿ ಊರೆಲ್ಲ ಸುತ್ತಿದೆ. ಮೂರನೇ ದಿನ ಏರಿನಲ್ಲಿ ಗಪ್ ಅಂತ ಹಿಡ್ಕೊಂಡು ನಿಂತಿತು. ಬಿಚ್ಚಿದ್ರೆ ಒಳಗೆಲ್ಲ ಅರೆದು ಹೋಗಿದೆ. ಎಣ್ಣೆ ಅಂಗಡಿಯವನು ಕೆಟ್ಟ ಎಣ್ಣೆ ಕೊಟ್ಟ ಅಂತ ನಾನು ಅವನ ಮೇಲೆ ಜಗಳಕ್ಕೆ ಹೊರಟಿದ್ದೆ. ಬಾಗಿಲಲ್ಲಿ ಅಕ್ಕ ನಿಂತಿದ್ಲು. 'ಅವನ ತಂಟೆಗೆ ಹೋಗ್ಬೇಡ, ಅದು ನನ್ನ ಮರಳು,' ಅಂದ್ಲು. ನಂಗೆ ಗೊತ್ತೇ ಇರ್ಲಿಲ್ಲ. ಅವಳು ಬಾಯಿ ಬಿಡದಿದ್ರೆ ಈವತ್ತಿಗೂ ಎಣ್ಣೆಯವನನ್ನೇ ಬೈಕೊಂಡಿರ್ತಿದ್ದೆ."

"ನೀವೇನಂದ್ರಿ?" ಎಂದ ಗಂಡ. ತಾಯಿಯ ಈ ಕತೆ ಅವನಿಗೇ ಹೊಸದು.

"ಅನ್ನೋದೇನು, ಒಂದು ವರ್ಷ ಮಾತು ಬಿಟ್ಟೆ. ವರ್ಷ ಆದ್ಮೇಲೆ ಒಂದು ದಿನ ಹಾಸ್ಟೆಲ್ಲಿನ ಸೀದ ಪಾತ್ರೆ ಹೊತ್ಕೊಂಡು ಬಂದ್ಲು, ಅರ್ಧ ಕರಿ, ಅರ್ಧ ಬೆಳ್ಳಿ. 'ಸೋಡಾ ಹಾಕಿ ಉಜ್ಜಿದ್ದು. ತಿಂದು ನೋಡು, ಕರಗತ್ತೆ,' ಅಂತ ನನ್ನ ಬಾಯಿಗೇ ಹಾಕಿದ್ಲು. ಹೊಸ ಸಾಮಾನು ಹಾಕಿ ಜೋಡಿಸಿದ್ದ ಇಂಜಿನ್ನನ್ನ ಮತ್ತೆ ಬಿಚ್ಚಿ ಅವಳ ಕೈಗೇ ಕೊಟ್ಟೆ. ನನ್ನ ಹೆಂಡತಿ, ನಿಂಗೆ ತಲೆ ಕೆಟ್ಟಿದೆ ಅಂದ್ಲು. ನೋಡಿ, ಕೆಲಸ ಕೆಡಿಸೋರು ಊರ ತುಂಬ ಇದ್ದಾರೆ. ಬಂದು ಹೇಳೋರ ಕೈಲಿ ಕೊಟ್ರೆ ರಾತ್ರಿ ನಿದ್ದೆ ಬರತ್ತೆ."

"ಮತ್ತೆ ಒಂದು ಕಣ ಮರಳೂ ಇಲ್ಲ ಅಂತ ಎಲ್ಲರೂ..." ನಾದಿನಿ ಕಾಗದ ನೋಡಿಕೊಂಡಳು.

"ಅದು ನೀವು ಕಟ್ಟಿದ್ದು ಕಣಮ್ಮ. ಅವಳು ಸಿಕ್ಕಿದವರಿಗೆಲ್ಲ ಹೇಳ್ಕೊಂಡೇ ತಿರುಗಿದ್ಲು. ಕೇಳಿದವರಲ್ಲಿ ಅರ್ಧ ಜನ ಅವಳಿಗಿಂತ ಮುಂಚೆ ಹೋದ್ರು. ಇನ್ನರ್ಧ ಜನ ಹೊಗಳೋ ಭರದಲ್ಲಿ ಮರೆತ್ರು."

ಇಡೀ ಇಂಜಿನ್ ತಿಂದೋಳು ನಾನು. ಒಂಬತ್ತು ವರ್ಷ ಕೇಳಿಯೂ ಕೇಳದೆ ಬಿಟ್ಟ ಮಾತು ಸೊಸೆಗೆ ಈಗ ಕೇಳಿಸಿತು. ಅಲ್ಲಿಯವರೆಗೆ ಹಿಡಿದಿಟ್ಟಿದ್ದ ಅಳು ಒಮ್ಮೆಲೇ ಬಂತು. ಆಸ್ಪತ್ರೆಯಿಂದ ಫೋನು ಬಂದಾಗಿನಿಂದ ಅವಳು ಅತ್ತಿರಲಿಲ್ಲ, ಕೆಲಸ ಬಿಟ್ಟಿರಲಿಲ್ಲ. ಸೆರಗು, ಗಂಡನ ಭುಜ, ಯಾವುದು ಸಿಕ್ಕಿತೋ ಅದಕ್ಕೆ ಮುಖವಿಟ್ಟು ಅತ್ತಳು.

"ಗೂಡ್ಸ್ ಗಾಡಿ ಇದೆಯಲ್ಲ, ಅದರಲ್ಲಿ ಇಟ್ಕೊಂಡು ಹೋಗೋಣ್ವಾ?" ಎಂದ ಒಬ್ಬ ಮೆಕ್ಯಾನಿಕ್.

"ಅಕ್ಕ ಸೈಡ್ ಕಾರಲ್ಲೇ ಹೋಗ್ತೀನಿ ಅಂದಿದ್ದಾಳೆ," ಎಂದರು ಮಾವ. "ಇಂಜಿನ್ ಓಡಿಸಬಾರದು ಅಂತ ತಾನೆ? ಚಕ್ರ ಉರುಳಬಾರದು ಅಂತ ಏನಿಲ್ಲವಲ್ಲ. ತಳ್ಳೋಣ." ಆಮೇಲೆ ಸೊಸೆಯ ಕಡೆ ತಿರುಗಿ, "ಮೂಗು ಒರೆಸ್ಕೊಂಡು ಬಾ. ನೀನು ಹ್ಯಾಂಡಲ್ ಹಿಡಿ."

*

ತಳ್ಳಿದರು. ಯಾರೂ ಹೇಳದೆಯೇ ಉಳಿದವರೂ ತಮ್ಮ ಗಾಡಿಗಳನ್ನು ಸ್ಟಾರ್ಟ್ ಮಾಡದೆ ತಳ್ಳಿಕೊಂಡು ಹಿಂದೆ ಬಂದರು. ಇಪ್ಪತ್ತು ಚಿಲ್ಲರೆ ಇಂಜಿನ್ನುಗಳ ಅಬ್ಬರಕ್ಕೆಂದು ಕಿಟಕಿಗೆ ಬಂದು ನಿಂತಿದ್ದವರಿಗೆ ಕೇಳಿಸಿದ್ದು ಟೈರುಗಳ ಸದ್ದು, ಏದುಸಿರು, ನಡುನಡುವೆ "ಎಡಕ್ಕೆ, ಎಡಕ್ಕೆ" ಎನ್ನುವ ಮಾತು. ಸೈಡ್ ಕಾರಿನ ಗಾಡಿ ಭಾರದ ಕಡೆಗೇ ಎಳೆಯುತ್ತದೆ. ಸೊಸೆ ಎರಡೂ ಕೈಯಲ್ಲಿ ಹ್ಯಾಂಡಲ್ ಬಿಗಿಹಿಡಿದು ಅದನ್ನು ನೇರ ಮಾಡುತ್ತ ನಡೆದಳು. ಗಂಡ ಹಿಂದಿನಿಂದ ತಳ್ಳುತ್ತಿದ್ದ. ಏರಿನಲ್ಲಿ ಪಕ್ಕದ ಮನೆಯಾಕೆಯೂ ಬಂದು ಹೆಗಲು ಕೊಟ್ಟಳು. "ಬದುಕಿದ್ದಾಗ್ಲೂ ಭಾರವೇ, ಈಗ್ಲೂ ಭಾರವೇ," ಎಂದು ಆಕೆ ಬೈದದ್ದು ಪ್ರೀತಿಯೆಂದೇ ಎಲ್ಲರಿಗೂ ತಿಳಿಯಿತು.

ಗುಂಡಿಯ ಪಕ್ಕದ ಮರದ ನೆರಳಿನಲ್ಲಿ ನಾದಿನಿ ಕಾಗದ ತೆಗೆದಳು. ಒಂದು ಸಲ ಓದಿಕೊಂಡಳು. ಮಡಚಿ ಕೈಚೀಲಕ್ಕೆ ಹಾಕಿದಳು.

"ನಮ್ಮಮ್ಮ ಒಂದು ಇಂಜಿನ್ ಹಾಳು ಮಾಡಿದ್ಲು," ಎಂದು ಶುರು ಮಾಡಿದಳು. ಯಾರೋ ನಕ್ಕರು, ತಕ್ಷಣ ಬಾಯಿ ಮುಚ್ಚಿಕೊಂಡರು. ಆಮೇಲೆ ನಾದಿನಿಯೇ ನಕ್ಕಳು. ಅಷ್ಟೂ ಜನ ಸ್ಮಶಾನದಲ್ಲಿ ನಿಂತು, ಕಣ್ಣೊರೆಸಿಕೊಳ್ಳುತ್ತ ನಕ್ಕರು. ಅವಳು ಮುಂದೆ ಹೇಳಿದ್ದರಲ್ಲಿ ಹೊಗಳಿಕೆ ಹೆಚ್ಚಿರಲಿಲ್ಲ. ಅಮ್ಮ ಲೆಕ್ಕದ ಪಾಠದಲ್ಲಿ ತನಗೆ ತಪ್ಪು ಹೇಳಿಕೊಟ್ಟು, ಮರುದಿನ ಶಾಲೆಗೇ ಬಂದು ಮೇಷ್ಟರ ಎದುರು ಅದು ನನ್ನ ತಪ್ಪು ಎಂದದ್ದು, ನಾಚಿಕೆಯಿಂದ ತಾನು ಮೇಜಿನ ಕೆಳಗೆ ಅವಿತದ್ದು, ಇಂಥವೇ. ಆಮೇಲೆ ಎಲ್ಲರೂ ಸಾಲಾಗಿ ಬಂದು ಮಣ್ಣು ಹಾಕಿದರು.

*

ಊಟವಾದ ಮೇಲೆ ಮೀಸೆ ಮಾವ ಅಂಗಿಯ ತೋಳು ಮಡಚಿ ಶೆಡ್ಡಿನಲ್ಲೇ ಇಂಜಿನ್ ಬಿಚ್ಚಲು ಕೂತರು. ನಾಲ್ಕು ಮೆಕ್ಯಾನಿಕ್ಕುಗಳು ನಾಲ್ಕು ಕಡೆಯಿಂದ ಹಿಡಿದು ಅದನ್ನು ಮೇಜಿಗೆ ಏರಿಸಿಕೊಟ್ಟರು. ಸಂಜೆ ಐದರ ಹೊತ್ತಿಗೆ ಕೇಸಿನ ಎರಡು ಹೋಳುಗಳು ಬೇರೆಯಾಗಿ ಮೇಜಿನ ಮೇಲೆ ಮಲಗಿದ್ದವು. ಸೊಸೆ ಬಿಳಿ ಬಟ್ಟೆ ಹಿಡಿದಳು. ಗಂಡ ಎಣ್ಣೆಯ ತೂತಿಗೆ ಬಿಸಿನೀರು ಹುಯ್ದ. ನೀರು ಇಳಿದುಹೋಗಿ ಬಟ್ಟೆಯ ಮೇಲೆ ಏಳೆಂಟು ಕಂದು ಕಣಗಳು ಉಳಿದವು. ಸಾಸಿವೆಗಿಂತ ಎಷ್ಟೋ ಸಣ್ಣವು.

ಎಲ್ಲರೂ ಬಗ್ಗಿ ನೋಡಿದರು.

"ಒದ್ದಿದ್ರೆ ಮುಗೀತಿತ್ತು," ಎಂದರು ಮಾವ. ಅಷ್ಟೇ. ಸೊಸೆ ಬಟ್ಟೆ ಕೊಡವಿ, ಎರಡನೇ ಪಾತ್ರೆ ನೀರನ್ನು ಸ್ಟೌವಿನ ಮೇಲಿಟ್ಟಳು.

ಮಾವ ಸ್ಪ್ಯಾನರುಗಳನ್ನು ಒರೆಸಿ ಚೀಲಕ್ಕೆ ಹಾಕಿಕೊಂಡರು. ಕೈ ತೊಳೆದು, ಮೂಲೆಯಲ್ಲಿಟ್ಟಿದ್ದ ತಮ್ಮ ಹೆಲ್ಮೆಟ್ಟು ತೆಗೆದುಕೊಂಡರು. "ನಾನಿನ್ನು ಬರ್ತೀನಿ. ಕೇಸು ನಿನ್ನ ಹತ್ರ ಇರ್ಲಿ. ಪೂರ್ತಿ ತೊಳೆದಿಡು. ಆಗಿದೆ ಅಂತ ನೀನು ಹೇಳಿದ ದಿನ ಬಂದು ಜೋಡಿಸ್ತೀನಿ."

"ನೀವಿದ್ದು ನೋಡಲ್ವಾ ಮಾವ? ಸರಿಯಾಗಿದೆ ಅಂತ ಯಾರು ಹೇಳೋದು?"

"ನೀನೇ."

"ಮತ್ತೆ ತಪ್ಪಾದ್ರೆ?"

"ಆಗ್ಲೂ ನೀನೇ ಬಂದು ಹೇಳ್ತೀಯಲ್ಲ," ಎಂದು ಮಾವ ಹೊರಗೆ ನಡೆದರು.

ಅಂಗಳದಲ್ಲಿ ಇಂಜಿನ್ನಿಲ್ಲದ ಮೋಟಾರ್ ಸೈಕಲ್ಲು ಹೊಟ್ಟೆ ಖಾಲಿ ಮಾಡಿಕೊಂಡು ನಿಂತಿತ್ತು. ಮಾವ ಅದರ ಸೀಟನ್ನು ಒಮ್ಮೆ ತಟ್ಟಿದರು. ಐವತ್ತು ವರ್ಷದ ರೂಢಿಯಂತೆ ಹೆಲ್ಮೆಟ್ಟನ್ನು ತಲೆಗೆ ಹಾಕಿಕೊಂಡು, ಗದ್ದದ ಕೆಳಗೆ ಪಟ್ಟಿ ಬಿಗಿದು, ಗೇಟು ತೆಗೆದು ಬೀದಿಗಿಳಿದರು. ಗೂಡ್ಸ್ ಗಾಡಿ ಆಗಲೇ ಹಿಂದಿರುಗಿತ್ತು, ಅವರ ಮನೆ ಮೂರು ಕಿಲೋಮೀಟರು ದೂರ. ತಲೆಯ ಮೇಲಿನ ಹೆಲ್ಮೆಟ್ಟನ್ನು ಕೂಗಿ ನೆನಪಿಸಲು ಗಂಡ ಬಾಯಿ ತೆರೆದ. ಸೊಸೆ ಅವನ ತೋಳು ಹಿಡಿದು ತಡೆದಳು. ಸಂಜೆಯ ಬಿಸಿಲಿನಲ್ಲಿ, ಮನೆಗೆ ಮರಳುವವರ ನಡುವೆ, ಚೀಲವನ್ನು ಹೆಗಲಿಗೇರಿಸಿ, ಹೆಲ್ಮೆಟ್ಟು ತೊಟ್ಟ ಮುದುಕ ಬೀದಿಯ ಎಡಬದಿ ಹಿಡಿದು ನಡೆದುಹೋಗುತ್ತಿದ್ದರು. ತಿರುವಿನಲ್ಲಿ ನಿಂತು, ಹಿಂದೆ ಗಾಡಿ ಬರುತ್ತಿದೆಯೇ ನೋಡಿ, ಕೈ ಚಾಚಿ ತೋರಿಸಿ, ಬಲಕ್ಕೆ ತಿರುಗಿದರು.